ಮುಳ್ಳು ಸಿಕ್ಕಿಕೊಳ್ಳುವ ಜಾಗ

ನನ್ನ ಚಿಕ್ಕಪ್ಪನ ಹತ್ತಿರ ಹನ್ನೊಂದು ಪ್ಲೇಟುಗಳಿದ್ದವು. ಪ್ಲೇಟು ಎಂದರೆ ಗ್ರಾಮಾಫೋನಿನದ್ದು. ತಿಂಡಿ ತಟ್ಟೆಯಷ್ಟಗಲದ, ಒಂದು ಬದಿಗೆ ಒಂದೇ ಹಾಡು ಹಿಡಿಸುವ ಚಿಕ್ಕ ಪ್ಲೇಟುಗಳು. ಎಲ್ಲವೂ ಎಪ್ಪತ್ತರ ದಶಕದ ಇಂಗ್ಲಿಷ್ ಪಾಪ್ ಹಾಡುಗಳು, ಹನ್ನೊಂದೂ ಒಂದೇ ಜಾತಿಯವು. ಹಾಡಿದವರು ಆ ಒಂದನ್ನು ಹಾಡಿ, ಒಂದು ವರ್ಷ ಲೋಕವನ್ನೆಲ್ಲ ಕುಣಿಸಿ, ಆಮೇಲೆ ಎಲ್ಲಿ ಹೋದರೆಂದು ಅವರ ಊರಿನವರಿಗೂ ಗೊತ್ತಿದ್ದಂತಿಲ್ಲ. ಒಂದರಲ್ಲಿ ಇಬ್ಬರು ಅಕ್ಕತಂಗಿಯರು ಪೋಸ್ಟ್‌ಮ್ಯಾನ್‌ಗೆ ಬೈಯುತ್ತಿದ್ದರು. ಇನ್ನೊಂದರಲ್ಲಿ ಅರ್ಧಕ್ಕರ್ಧ ಬರೀ ಸಿಳ್ಳೆ. ಮತ್ತೊಂದರಲ್ಲಿ ಗಂಡಸೊಬ್ಬ ಹೆಣ್ಣು ದನಿಯಲ್ಲಿ ಕೂಗಿ ಕೂಗಿ ಕೊನೆಗೆ ಕೆಮ್ಮುತ್ತಿದ್ದ. ಆ ಕೆಮ್ಮನ್ನೂ ಹಾಡೆಂದೇ ಮಾರಿದ್ದರು.

ಪ್ಲೇಟು ಮಗುಚಿದರೆ ಹಿಂಬದಿಯಲ್ಲೂ ಒಂದೊಂದು ಹಾಡಿತ್ತು. ಅದನ್ನು ಯಾರೂ ಕೇಳಿದವರಿಲ್ಲ. ಮುಂಬದಿ ತೇದು ತೇದು ಬೂದು ಬಣ್ಣಕ್ಕೆ ತಿರುಗಿದ್ದರೆ ಹಿಂಬದಿ ಹೊಸ ಕೊಡೆಯ ಹಾಗೆ ಮಿರುಗುತ್ತಿತ್ತು. ಕಾಸರಗೋಡಿನಿಂದ ಕೊಚ್ಚಿ ಹತ್ತಿರದ ಏಲೂರಿನ ಗೊಬ್ಬರದ ಕಾರ್ಖಾನೆಗೆ ಕೆಲಸಕ್ಕೆ ಬಂದ ಹೊಸತರಲ್ಲಿ, ಹಡಗಿನವರು ತಂದ ಸಾಮಾನು ಮಾರುವ ಕೊಚ್ಚಿಯ ಅಂಗಡಿಯೊಂದರಿಂದ ಚಿಕ್ಕಪ್ಪ ಇವನ್ನು ಒಂದೊಂದಾಗಿ ತಂದದ್ದಂತೆ.

"ಒಂದೇ ಹಾಡಿಗೆ ಉಸಿರು ಹೋದವರನ್ನೇ ಯಾಕೆ ಹುಡುಕಿ ಹುಡುಕಿ ತಂದದ್ದು?" ಎಂದು ನಾನು ಕೆಣಕುತ್ತಿದ್ದೆ.

"ಬಾಳೆ ಎಷ್ಟು ಸಲ ಗೊನೆ ಹಾಕ್ತದೆ ಮಾರಾಯ್ತಿ? ಒಂದು ಸಲ. ಅದಕ್ಕೆ ಯಾರಾದ್ರೂ ಬಾಳೆಗೆ ಬೈತಾರಾ? ಒಂದು ಸಾಕು."

ಕಾಲೇಜಿನ ಕೊನೆಯ ಎರಡು ವರ್ಷ ನಾನು ಇದ್ದದ್ದು ಏಲೂರಿನಲ್ಲಿ, ಅವರ ಕ್ವಾರ್ಟರ್ಸಿನಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ನಾನು ಮೂರೇ ಜನ, ಜೊತೆಗೆ ಗಾಳಿ ತಿರುಗಿದಾಗ ಒಳಗೆ ನುಗ್ಗುವ ಅಮೋನಿಯಾದ ಘಾಟು. ಭಾನುವಾರ ಊಟವಾದ ಮೇಲೆ ಚಿಕ್ಕಪ್ಪ ಜಗಲಿಯಲ್ಲಿ ಈಸಿ ಚೇರಿನಲ್ಲಿ ಒರಗುತ್ತಿದ್ದರು. ಪ್ಲೇಟು ಹಾಕುವ ಪೆಟ್ಟಿಗೆ ಅವರ ಬಲಗೈ ಪಕ್ಕದ ಸ್ಟೂಲಿನ ಮೇಲೆ. ಹನ್ನೊಂದರಲ್ಲಿ ಅವರಿಗೆ ಪ್ರಾಣವಾದದ್ದು ಒಂದು. ಸಮುದ್ರಕ್ಕೆ ಹೋಗುವವನೊಬ್ಬ, ನಾನು ಬರುವವರೆಗೆ ಕಟ್ಟೆಯ ಮೇಲೊಂದು ದೀಪ ಇಟ್ಟಿರು ಎಂದು ಹೆಣ್ಣಿಗೆ ಹೇಳುವ ಹಾಡು. "ಕೀಪ್ ಎ ಲ್ಯಾಂಪ್ ಆನ್ ದ ಪಿಯರ್" ಎನ್ನುವ ಸಾಲು ಎರಡನೆಯ ಸಲ ಬರುವಾಗ ಮುಳ್ಳು ಸಿಕ್ಕಿಕೊಳ್ಳುತ್ತಿತ್ತು. "ಲ್ಯಾಂಪ್ ಆನ್ ದ, ಲ್ಯಾಂಪ್ ಆನ್ ದ, ಲ್ಯಾಂಪ್ ಆನ್ ದ" ಎಂದು ಅಲ್ಲೇ ಸುತ್ತುತ್ತಿತ್ತು.

ಕೈ ಚಾಚಿದರೆ ಸಿಗುವ ಪೆಟ್ಟಿಗೆ. ಆದರೆ ಚಿಕ್ಕಪ್ಪ ಚಾಚುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಅಡಿಗೆಮನೆಯ ಕಡೆಗೆ ಕತ್ತು ತಿರುಗಿಸಿ, "ಇದಾ, ಮುಳ್ಳು!" ಎಂದು ಕೂಗುತ್ತಿದ್ದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಚಿಕ್ಕಮ್ಮ ನಲ್ಲಿ ನಿಲ್ಲಿಸಿ, ಕೈಯನ್ನು ಸೆರಗಿಗೆ ಒರೆಸುತ್ತ ಬರುವಳು. "ಕೈಗೆಂತ ಲಕ್ವ ಹೊಡ್ದದಾ ನಿಮ್ಗೆ?" ಎಂದು ಗೊಣಗುತ್ತ ಮುಳ್ಳನ್ನು ಎರಡು ಬೆರಳಲ್ಲಿ ಎತ್ತಿ ಒಂದು ಗೆರೆ ಆಚೆಗೆ ಇಟ್ಟು ಹೋಗುವಳು. ಹಾಡು ಮುಂದುವರಿಯುವುದು.

ಅದು ಅವಳದೇ ಕೆಲಸ ಆಗಿದ್ದಕ್ಕೆ ಕಾರಣವಿತ್ತು. ಮದುವೆಯಾಗಿ ಬಂದ ತಿಂಗಳಲ್ಲಿ, ಈ ಕಪ್ಪು ಬಿಲ್ಲೆಯಿಂದ ದನಿ ಹೇಗೆ ಬರುತ್ತದೆಂದು ನೋಡಲು ಚಿಕ್ಕಮ್ಮ ತಿರುಗುತ್ತಿದ್ದ ಪ್ಲೇಟಿನ ಮೇಲೆ ಬಗ್ಗಿದಳು. ತಲೆಯ ಪಿನ್ನು ಜಾರಿ ಪ್ಲೇಟಿನ ಮೇಲೆ ಬಿತ್ತು, ಗೀರು ಬಿತ್ತು. ಹೊಸ ಹೆಂಡತಿ ಅಳಲಿಕ್ಕೆ ಶುರು ಮಾಡಿದಾಗ ಚಿಕ್ಕಪ್ಪ ನಕ್ಕು, "ನೀನು ಮಾಡಿದ್ದು, ನೀನೇ ಬಂದು ಎತ್ತು" ಅಂದರಂತೆ. ಅಂದಿನಿಂದ ಹಾಗೇ ನಡೆಯಿತು. ಚಿಕ್ಕಪ್ಪ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನಮ್ಮ ಕಡೆ ಇದಾ ಎಂದರೆ ಇಲ್ಲಿ ನೋಡು ಎಂದು. ಆ ಮನೆಯಲ್ಲಿ ಅದೇ ಅವಳ ಹೆಸರು.

ಇದನ್ನೆಲ್ಲ ನಾನು ಎರಡು ವರ್ಷ ಕಣ್ಣಾರೆ ನೋಡಿದ್ದೇನೆ. ಆದರೂ ನಾನು ಮಾಡಿದ್ದನ್ನು ಮಾಡಿದೆ.

ಎರಡು ಸಾವಿರದ ಐದರ ಸುಮಾರಿಗೆ ನನಗೆ ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಕೆಲಸವೇನೆಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಸುತ್ತಿದಲ್ಲೇ ಸುತ್ತುತ್ತದೆ ಎಂದು ಹುಡುಕಿ ತೋರಿಸಬೇಕು. ನನ್ನ ಗುಣಕ್ಕೆ ಹೇಳಿ ಮಾಡಿಸಿದ ಕೆಲಸ. ಓರೆಯಾಗಿ ನೇತುಹಾಕಿದ ಕ್ಯಾಲೆಂಡರು ಕಂಡರೆ, ಅದು ಯಾರ ಮನೆಯದ್ದೇ ಇರಲಿ, ಸರಿ ಮಾಡದೆ ನನ್ನಿಂದ ಕೂರಲಿಕ್ಕಾಗುವುದಿಲ್ಲ. ಶ್ರೀಕಾರ್ಯಂನಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದಿದ್ದೆ. ಅಲ್ಲಿಗೇ ಒಂದು ದಿನ ಫೋನ್ ಬಂತು. ಚಿಕ್ಕಪ್ಪನಿಗೆ ಕಾರ್ಖಾನೆಯಲ್ಲಿ ಸ್ಟ್ರೋಕ್ ಆಗಿದೆ ಎಂದು.

ಜೀವ ಉಳಿಯಿತು. ಬಲಗೈ ಬಿದ್ದುಹೋಯಿತು. ಮಾತು ಪೂರ್ತಿ ನಿಂತಿತು. ಹೇಳಿದ್ದು ಅರ್ಥವಾಗುತ್ತಿತ್ತು, ಹೇಳಬೇಕಾದ್ದು ಬಾಯಿಗೆ ಬರುತ್ತಿರಲಿಲ್ಲ. ಕೊಚ್ಚಿಯ ಆಸ್ಪತ್ರೆಯಿಂದ ಅವರನ್ನು ನೇರ ನನ್ನ ಮನೆಗೆ ಕರೆತಂದೆವು. ಮಾತು ಕಲಿಸುವ ಒಳ್ಳೆಯ ಥೆರಪಿಸ್ಟ್ ಒಬ್ಬರು ತಿರುವನಂತಪುರದಲ್ಲಿದ್ದಾರೆಂದು ಯಾರೋ ಹೇಳಿದ್ದರು. ಆಕೆ ಮೊದಲ ದಿನವೇ ಎಚ್ಚರಿಸಿದರು, "ಮೊದಲ ಕೆಲವು ತಿಂಗಳು ಮುಖ್ಯ ಮೋಳೇ. ಆಮೇಲೆ ಬರುವುದು ಕಷ್ಟ." ಮೋಳೇ ಎಂದರೆ ಮಗಳೇ. ಆ ಊರಲ್ಲಿ ಎಷ್ಟು ಕಹಿ ಸುದ್ದಿಯನ್ನಾದರೂ ಮೋಳೇ ಸೇರಿಸಿಯೇ ಹೇಳುತ್ತಾರೆ.

ಥೆರಪಿಸ್ಟ್ ಚಿತ್ರ ತೋರಿಸಿ ಮಲಯಾಳದಲ್ಲಿ ಕೇಳುವರು. ನಾನು ಅದನ್ನೇ ಕನ್ನಡದಲ್ಲಿ ಕೇಳುವೆ. ಚಿಕ್ಕಪ್ಪ ತೆಂಗಿನಕಾಯಿಯ ಚಿತ್ರವನ್ನು, ಅದು ತಮಗೇನೋ ದ್ರೋಹ ಮಾಡಿದ ಹಾಗೆ, ನೋಡುತ್ತ ಕೂರುವರು. ಬಾಯಿ ತೆರೆಯುವುದು, ಗಂಟಲಿನ ನರ ಉಬ್ಬುವುದು, "ತ... ತ..." ಎಂದು ನಿಲ್ಲುವುದು. ಆಮೇಲೆ ಕಣ್ಣಲ್ಲಿ ನೀರು. ಮೂವತ್ತು ವರ್ಷ ದೊಡ್ಡ ಯಂತ್ರಗಳ ನಡುವೆ ಗಂಟಲು ಬಿಚ್ಚಿ ಕೂಗಿ ಕೆಲಸ ಮಾಡಿಸಿದ ಮನುಷ್ಯ. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗದೆ ಆಟೋದವನ ಮೇಲೆ, ಗ್ಯಾಸಿನವನ ಮೇಲೆ ಹರಿಹಾಯುತ್ತಿದ್ದೆ.

ಒಂದು ಬೆಳಿಗ್ಗೆ ಚಿಕ್ಕಮ್ಮ ಅವರಿಗೆ ಗಡ್ಡ ಹೆರೆಯುತ್ತಿದ್ದಳು. ಇದ್ದಕ್ಕಿದ್ದಂತೆ ಚಿಕ್ಕಪ್ಪ ಹಾಡಿದರು. ಅದೇ ದೀಪದ ಹಾಡು, ಮೊದಲ ಸಾಲಿನಿಂದ, ಒಂದು ಪದ ತಪ್ಪಿಲ್ಲದೆ. ನಾನು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದೆ. ಚಿಕ್ಕಮ್ಮ ಬ್ಲೇಡು ಹಿಡಿದ ಕೈ ಮೇಲೆತ್ತಿ ಕಲ್ಲಾಗಿ ನಿಂತಿದ್ದಳು. ಹಾಡು ಎರಡನೆಯ ಸಲ ದೀಪದ ಸಾಲಿಗೆ ಬಂತು. "ಲ್ಯಾಂಪ್ ಆನ್ ದ, ಲ್ಯಾಂಪ್ ಆನ್ ದ, ಲ್ಯಾಂಪ್ ಆನ್ ದ..." ಅಲ್ಲೇ ಸಿಕ್ಕಿಕೊಂಡಿತು. ನಿಲ್ಲಲಿಲ್ಲ. ಅವರಿಗೇ ನಿಲ್ಲಿಸಲಿಕ್ಕಾಗುತ್ತಿರಲಿಲ್ಲ. ಹಣೆಯಲ್ಲಿ ಬೆವರು ಒಡೆಯಿತು, ಕಣ್ಣು ಹೆದರಿಕೆಯಿಂದ ಅಗಲವಾಯಿತು. ಕೊನೆಗೆ ಚಿಕ್ಕಮ್ಮ ಅವರ ಎದೆಯ ಮೇಲೆ ಅಂಗೈ ಇಟ್ಟು ಒತ್ತಿದಳು. ಆಗ ನಿಂತಿತು.

ಅಂದಿನಿಂದ ದಿನಕ್ಕೊಮ್ಮೆಯಾದರೂ ಹಾಗಾಗುತ್ತಿತ್ತು. ಥೆರಪಿಸ್ಟ್‌ಗೆ ಖುಷಿಯೋ ಖುಷಿ. ಮೆದುಳಿನಲ್ಲಿ ಮಾತಿನ ಮನೆ ಬೇರೆ, ಹಾಡಿನ ಮನೆ ಬೇರೆ, ಹಾಡಿನ ಬಾಗಿಲಿನಿಂದ ಮಾತನ್ನು ಹೊರಗೆ ಕರೆಯಬಹುದು ಎಂದು ವಿವರಿಸಿದರು. "ಎಲ್ಲಿ ನಿಲ್ಲುತ್ತದೋ ಆ ಜಾಗ ನೋಡಿ ಮೋಳೇ. ಮಾತು ಅಲ್ಲೇ ಎಲ್ಲೋ ಇರಬಹುದು" ಅಂದರು. ನಾನು ಕೇಳಿಸಿಕೊಂಡದ್ದು ನನಗೆ ಬೇಕಾದಂತೆ. ತಪ್ಪಿರುವುದು ಅಲ್ಲಿ, ಅದನ್ನು ತೆಗೆದರೆ ಎಲ್ಲ ಸರಾಗ ಎಂದು ತಿಳಿದೆ.

ಆ ದಿನಗಳಲ್ಲಿ ಚಿಕ್ಕಮ್ಮ ಒಮ್ಮೆ ಬಟ್ಟೆ ಮಡಿಸುತ್ತ ತಾನಾಗಿ ಮಾತು ತೆಗೆದಳು. "ನನ್ನ ನಾಲಗೆಯೇ ಹಾಳು. ವಾರ ವಾರ ಲಕ್ವ ಹೊಡ್ದದಾ ಅಂತ ಕೇಳಿದೆ. ಹೊಡೀತು ನೋಡು."

"ಹಾಗೆಲ್ಲ ಆಗ್ತದಾ ಚಿಕ್ಕಮ್ಮ? ಸುಮ್ನಿರು."

"ನನಗೆ ಅವ್ರ ಇಂಗ್ಲಿಷು ಬೇಡ, ತೆಂಗಿನಕಾಯಿ ಬಾಳೆಹಣ್ಣು ಹೇಳುದೂ ಬೇಡ. ಒಮ್ಮೆ ಇದಾ ಅಂತ ಕರೆದ್ರೆ ಸಾಕು. ಮೂರು ತಿಂಗಳಾಯ್ತು, ನನ್ನನ್ನು ಯಾರೂ ಕರೀಲಿಲ್ಲ." ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟು ಸೇರಿಸಿದಳು, "ನೀನು ಏಲೂರಿಗೆ ಹೋದ್ರೆ ಆ ಪೆಟ್ಟಿಗೆ ತರ್ತೀಯಾ? ಆ ಪ್ಲೇಟೂ ತಾ. ಬೇರೆಂತದ್ದೂ ಬೇಡ."

ಯಾಕೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ನಾನು ಜಾಣೆ, ನನಗೆ ಗೊತ್ತಾಗಿತ್ತಲ್ಲ.

ಮರುದಿನವೇ ರಜೆ ಹಾಕಿ ರೈಲು ಹತ್ತಿದೆ. ಆಲುವದಲ್ಲಿ ಇಳಿದು ಏಲೂರಿಗೆ ಹೋದೆ. ಮುಚ್ಚಿದ್ದ ಕ್ವಾರ್ಟರ್ಸಿನ ಬಾಗಿಲು ತೆಗೆದಾಗ ಜಗಲಿಯ ಈಸಿ ಚೇರು, ಸ್ಟೂಲು, ಪೆಟ್ಟಿಗೆ ಎಲ್ಲ ಹಾಗೇ ಇದ್ದವು. ಪ್ಲೇಟು ಪೆಟ್ಟಿಗೆಯ ಮೇಲೇ ಕೂತಿತ್ತು. ಬೆಳಕಿಗೆ ಹಿಡಿದು ನೋಡಿದೆ. ಗೀರು ಅಡ್ಡಕ್ಕೆ, ಉಗುರಿನಷ್ಟುದ್ದ. ಇಷ್ಟು ಚಿಕ್ಕದಕ್ಕೆ ಒಬ್ಬ ಮನುಷ್ಯನ ಬಾಯಿ ಕಟ್ಟಿಹೋಗಿದೆಯಲ್ಲ ಎಂದುಕೊಂಡೆ.

ಆಲುವ ಸ್ಟೇಷನ್ನಿನ ಹತ್ತಿರ ಹಳೇ ರೇಡಿಯೋ ರಿಪೇರಿ ಮಾಡುವ ಮುದುಕನೊಬ್ಬನ ಅಂಗಡಿಯಿತ್ತು. ಅವನು ಪ್ಲೇಟನ್ನು ಭೂತಗನ್ನಡಿಯಲ್ಲಿ ನೋಡಿ, ಗೆರೆಯ ಗೋಡೆ ಕುಸಿದಿದೆ, ದಾರಿ ಬಿಡಿಸಬಹುದು ಎಂದ. ಬಿದಿರಿನ ಕಡ್ಡಿಯೊಂದನ್ನು ಸೂಜಿಯ ಹಾಗೆ ಚೂಪು ಮಾಡಿಕೊಂಡು, ಉಸಿರು ಬಿಗಿಹಿಡಿದು, ಗೆರೆಯಲ್ಲಿ ಹಿಂದೆ ಮುಂದೆ ತಳ್ಳತೊಡಗಿದ. ನಡುವೆ ಒಮ್ಮೆ ತಲೆಯೆತ್ತಿ, "ಒಮ್ಮೆ ಬಿಡಿಸಿದರೆ ಬಿಡಿಸಿದ್ದೇ. ಮತ್ತೆ ಹಾಗೇ ಮಾಡಿಕೊಡು ಅಂದರೆ ಆಗುವುದಿಲ್ಲ" ಎಂದು ಮಲಯಾಳದಲ್ಲಿ ತಮಾಷೆ ಮಾಡಿದ. ನಾನು ನಕ್ಕೆ. ಗೀರು ಬೇಕು ಎಂದು ಯಾವ ಹುಚ್ಚಿ ಬರುತ್ತಾಳೆ?

ಅವನ ಅಂಗಡಿಯ ಯಂತ್ರದಲ್ಲಿ ಹಾಕಿ ಕೇಳಿದೆವು. ದೀಪದ ಸಾಲು ಬಂತು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ದಾಟಿಹೋಯಿತು. ನನಗೆ ಅಲ್ಲೇ ಅಳು ಬಂತು. ಚಿಕ್ಕಪ್ಪ ಮಾತಾಡುತ್ತಾರೆ ಎಂದು ಖಂಡಿತವಾಗಿ ನಂಬಿದೆ. ವಾಪಸು ಬರುವಾಗ ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಭಾನುವಾರ ಊಟವಾದ ಮೇಲೆ ಹಾಕುವ ಎಂದಳು ಚಿಕ್ಕಮ್ಮ. ಗೀರು ತೆಗೆಸಿದ್ದನ್ನು ನಾನು ಹೇಳಿರಲಿಲ್ಲ. ಕೇಳಿ ಬೆರಗಾಗಲಿ ಎಂದು ಬಾಯಿ ಬಿಗಿಹಿಡಿದಿದ್ದೆ. ಚಿಕ್ಕಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಬಲಗೈ ಪಕ್ಕಕ್ಕೆ ಸ್ಟೂಲು ಎಳೆದಿಟ್ಟವಳು ಅವಳೇ. ಅವಳು ಆವತ್ತು ಒಳ್ಳೆಯ ಸೀರೆ ಉಟ್ಟಿದ್ದಳೆಂದು ನನಗೆ ಆಮೇಲೆ ಹೊಳೆಯಿತು. ನಾನು ಪ್ಲೇಟು ಹಾಕುತ್ತಿದ್ದಂತೆ ಅವಳು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಇವಳೇನು, ಇಂಥಾ ಹೊತ್ತಿನಲ್ಲಿ ಪಾತ್ರೆ ತೊಳೆಯುತ್ತಾಳೆ ಎಂದುಕೊಂಡೆ.

ಹಾಡು ಶುರುವಾಯಿತು. ಚಿಕ್ಕಪ್ಪ ಕಣ್ಣು ಮುಚ್ಚಿದರು. ಮುಖದ ಗಂಟುಗಳೆಲ್ಲ ಸಡಿಲವಾದವು. ಸಾಲು ಹತ್ತಿರ ಬಂದ ಹಾಗೆ ಅವರ ಕತ್ತು ಅಡಿಗೆಮನೆಯ ಕಡೆಗೆ ತಿರುಗಿತು. ಎದೆ ತುಂಬ ಉಸಿರೆಳೆದುಕೊಂಡರು. ತುಟಿ ತೆರೆಯಿತು, ನಾಲಗೆ ಮೇಲೆದ್ದಿತು. ಒಳಗೆ ನಲ್ಲಿಯ ನೀರು ನಿಂತಿತು.

ಹಾಡು ಸಿಕ್ಕಿಕೊಳ್ಳಲಿಲ್ಲ. ದಾಟಿ ಮುಂದೆ ಹೋಯಿತು.

ಚಿಕ್ಕಪ್ಪ ಕಣ್ಣು ತೆರೆದರು. ಎಳೆದ ಉಸಿರು ಹಾಗೇ ಸದ್ದಿಲ್ಲದೆ ಹೊರಗೆ ಹೋಯಿತು. ಪೆಟ್ಟಿಗೆಯನ್ನು, ಅದು ಬೇರೆಯವರ ಮನೆಯದ್ದೆನ್ನುವ ಹಾಗೆ, ನೋಡಿದರು. ಚಿಕ್ಕಮ್ಮ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದು ನಿಂತಿದ್ದಳು.

"ಎಂತ ಮಾಡಿದೆ?" ಎಂದು ನನ್ನನ್ನು ಕೇಳಿದಳು.

ನಾನು ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅರ್ಥವಾಯಿತು.

"ಅಲ್ಲಿ ಬರುವಾಗ ಅವ್ರು ಕರೀತಿದ್ರು ಮಗಾ" ಎಂದಳು. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. "ತಾನೇ ಹಾಡುವಾಗ ತಾನೇ ಸಿಕ್ಕಿಕೊಳ್ತಾರೆ, ಹೇಗೆ ಕರೀಲಿಕ್ಕಾಗ್ತದೆ? ಪ್ಲೇಟು ಸಿಕ್ಕಿಕೊಂಡ್ರೆ ಅಲ್ವಾ ನನ್ನನ್ನು ಕರೆಯೋದು."

ಆಮೇಲಿನ ಹತ್ತು ಹನ್ನೆರಡು ದಿನಗಳನ್ನು ನೆನೆಯಲು ನನಗೆ ಇಷ್ಟವಿಲ್ಲ. ಆ ಭಾನುವಾರದ ನಂತರ ಚಿಕ್ಕಪ್ಪ ಹಾಡುವುದನ್ನೇ ಬಿಟ್ಟರು. ಗಡ್ಡ ಹೆರೆಯುವಾಗಲೂ ಇಲ್ಲ, ಥೆರಪಿಸ್ಟ್ ತಾಳ ತಟ್ಟಿ ಕರೆದಾಗಲೂ ಇಲ್ಲ. ಅವರ ತಲೆಯೊಳಗಿನ ಪ್ಲೇಟಿನ ಗೀರನ್ನೂ ನಾನೇ ತೆಗೆದೆನೋ ಏನೋ. ಥೆರಪಿಸ್ಟ್ ಕಾಗದದಲ್ಲಿ ಏನೋ ಬರೆದುಕೊಂಡು, "ನೋಡೋಣ ಮೋಳೇ" ಅಂದರು. ಅದರ ಅರ್ಥ ನನಗೆ ಗೊತ್ತಿತ್ತು. ಆಫೀಸಿನಲ್ಲಿ ನಾನು ಸ್ಕ್ರೀನಿನ ಮುಂದೆ ಕೂತು ಬೇರೆಯವರ ತಪ್ಪು ಹುಡುಕುತ್ತಿದ್ದೆ. ಎರಡು ಸಲ ಬಚ್ಚಲಿಗೆ ಹೋಗಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

ಹೊಸ ಗೀರು ಹಾಕುವ ಯೋಚನೆಯೂ ನನ್ನದೇ. ಮತ್ತೊಂದು ಭಾನುವಾರ ಚಿಕ್ಕಮ್ಮನ ಹತ್ತಿರ ತಲೆಯ ಪಿನ್ನು ಕೇಳಿದೆ. ತುರುಬಿನಿಂದ ತೆಗೆದು ಕೊಟ್ಟಳು. ತಿರುಗುವ ಪ್ಲೇಟಿನ ಮೇಲೆ, ಆ ಸಾಲು ಬರುವ ಹೊತ್ತು ನೋಡಿ, ಬೀಳಿಸಿದೆ. ಏನೂ ಆಗಲಿಲ್ಲ. ಮತ್ತೆ ಬೀಳಿಸಿದೆ. ಆಮೇಲೆ ಕೈಯಲ್ಲೇ ಹಿಡಿದು ಗೀರಿದೆ. ಕೈಲಾಗದವ ಮೈ ಪರಚಿಕೊಂಡ ಎನ್ನುತ್ತಾರಲ್ಲ, ಹಾಗೆ ಗೀರಿದೆ. ಮುಳ್ಳು ಇನ್ನೆಲ್ಲೋ, ಡ್ರಮ್ ಬಡಿಯುವಲ್ಲಿ, ಎರಡು ಸುತ್ತು ಸಿಕ್ಕಿಕೊಂಡು, ಅಲ್ಲಿಂದ ಹಾರಿ, ಸಾಲುಗಳನ್ನೆಲ್ಲ ಬಿಟ್ಟು ಕೊನೆಗೆ ಹೋಗಿ ಗೊರಗೊರ ಎಂದಿತು. ಹಾಡು ಪೂರ್ತಿ ಸತ್ತಿತ್ತು. ಚಿಕ್ಕಪ್ಪ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ನಾನು ನೆಲದ ಮೇಲೆ ಕೂತು ಅತ್ತೆ.

ಚಿಕ್ಕಮ್ಮ ನನ್ನನ್ನು ದಾಟಿಕೊಂಡು ಅಡಿಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು, ಪಾತ್ರೆಯ ಸದ್ದು. ಆಮೇಲೆ ಅಲ್ಲಿಂದ ಒಂದು ದನಿ ಬಂತು. ಅವಳು ಹಾಡಿದ್ದನ್ನು ನಾನು ಅಲ್ಲಿವರೆಗೆ ಕೇಳಿರಲಿಲ್ಲ. ನಾಚಿಕೆಯ, ಒಡೆದ ದನಿ. ಇಂಗ್ಲಿಷು ಓದಲು ಬಾರದವಳು ಮೊದಲ ಸಾಲಿನಿಂದ ಹಿಡಿದು ಪೂರ್ತಿ, ಎಲ್ಲಿ ಉಸಿರು ತೆಗೆಯಬೇಕೋ ಅಲ್ಲೇ ತೆಗೆದು, ಹೇಳುತ್ತ ಬಂದಳು. ದೀಪದ ಸಾಲಿಗೆ ಎರಡನೆಯ ಸಲ ಬಂದಾಗ ಬೇಕೆಂದೇ ಸಿಕ್ಕಿಕೊಂಡಳು.

"ಲ್ಯಾಂಪ್ ಆನ್ ದ, ಲ್ಯಾಂಪ್ ಆನ್ ದ, ಲ್ಯಾಂಪ್ ಆನ್ ದ, ಲ್ಯಾಂಪ್ ಆನ್ ದ..."

ಚಿಕ್ಕಪ್ಪನ ಕತ್ತು ಗೋಡೆಯಿಂದ ಈಚೆಗೆ ತಿರುಗಿತು. ಕಣ್ಣು ಮುಚ್ಚಿತ್ತು. ಹುಬ್ಬು ಗಂಟಿಕ್ಕಿತು. ನಿದ್ದೆ ಕೆಟ್ಟವರ ಆ ಹಳೆಯ ಅಸಹನೆ.

"ಇದಾ" ಎಂದರು.

ಸ್ಪಷ್ಟವಾಗಿ, ಕಾರ್ಖಾನೆಯ ಗಂಟಲಿನಲ್ಲಿ.

ನಲ್ಲಿ ನಿಲ್ಲಿಸುವುದನ್ನೂ ಮರೆತು ಚಿಕ್ಕಮ್ಮ ಓಡಿಬಂದಳು. ಅಭ್ಯಾಸಬಲದಿಂದ ಕೈ ಪೆಟ್ಟಿಗೆಯ ಕಡೆಗೆ ಹೋಯಿತು. ಎತ್ತಲಿಕ್ಕೆ ಅಲ್ಲಿ ಏನಿತ್ತು? ಆ ಒದ್ದೆ ಕೈಯನ್ನು ಚಿಕ್ಕಪ್ಪನ ಕೆನ್ನೆಗೆ ಇಟ್ಟಳು. "ಬಂದೆ. ಎಂತ? ಹೇಳಿ. ಇನ್ನೊಮ್ಮೆ ಹೇಳಿ." ಚಿಕ್ಕಪ್ಪ ಅವಳನ್ನು ನೋಡಿದರು. ತುಟಿ ಅಲುಗಿತು. ಏನೂ ಬರಲಿಲ್ಲ.

ಅವಳು ಒಳಗೆ ಹೋಗಿ ಮೊದಲ ಸಾಲಿನಿಂದ ಶುರು ಮಾಡಿದಳು. ಸಿಕ್ಕಿಕೊಂಡಳು, ಕಾದಳು. ಬರಲಿಲ್ಲ. ಮತ್ತೆ ಮೊದಲಿನಿಂದ. ಮತ್ತೆ. ಕಿಟಕಿಯ ಬಿಸಿಲು ಗೋಡೆಗೆ ಹತ್ತಿ ಕೆಂಪಾಯಿತು.

ಚಿಕ್ಕಪ್ಪ ಆಮೇಲೆ ಎರಡು ವರ್ಷ ಬದುಕಿದ್ದರು. ಆ ಒಂದು ಸಲ ಇದಾ ಎಂದದ್ದು ಬಿಟ್ಟರೆ ಇನ್ನೊಂದು ಮಾತು ಅವರ ಬಾಯಿಂದ ಬರಲಿಲ್ಲ. ಒಂದು ಸಾಕು ಎಂದು ಬಾಳೆಯ ಕತೆ ಹೇಳುತ್ತಿದ್ದರಲ್ಲ, ಅದು ಹಾಡಿ ಹೋಗುವವರ ಮಾತು. ಅಡಿಗೆಮನೆಯಲ್ಲಿ ನಿಂತು ಕಿವಿಗೊಟ್ಟವಳಿಗೆ ಒಂದು ಎಲ್ಲಿಯ ಸಾಕು? ಆ ಭಾನುವಾರದ ಸಂಜೆ ಚಿಕ್ಕಮ್ಮನ ದನಿ ಹರಿದುಹೋಗಿ ಬರೀ ಗಾಳಿ ಹೊರಡತೊಡಗಿದಾಗ ನಾನು ನೆಲದಿಂದ ಎದ್ದೆ. ಅವಳನ್ನು ಪಕ್ಕಕ್ಕೆ ಸರಿಸಿ, ನಲ್ಲಿ ತಿರುಗಿಸಿ, ಹಾಡಿನ ಮೊದಲ ಸಾಲು ಹಿಡಿದೆ. ಚಿಕ್ಕಮ್ಮ ಒದ್ದೆ ಕೈ ಒರೆಸಿಕೊಳ್ಳದೆ ಬಾಗಿಲಲ್ಲಿ ಹೋಗಿ ನಿಂತಳು.